ಸರಸ್ವತಿಪುರಂನ ನಮ್ಮ ಗುರುವಾರದ ರೆಫರಲ್ ಗ್ರೂಪು, ಸೇರ್ಬೋದಾ ಅಂತ ಕೇಳೋರಿಗೆ

ಮೈಸೂರಲ್ಲಿ ಸಣ್ಣಪುಟ್ಟ ಬಿಸಿನೆಸ್ ಮಾಡೋರು ಸುಮಾರು ಜನ ಕೇಳ್ತಾನೇ ಇರ್ತಾರೆ, ಈ ರೆಫರಲ್ ಗ್ರೂಪಿಗೆ, ಅಂದ್ರೆ ಒಬ್ರಿಗೊಬ್ರು ಗಿರಾಕಿ ಕಳ್ಸಿಕೊಡೋ ವ್ಯಾಪಾರಿಗಳ ಗುಂಪಿಗೆ, ಸೇರಿದ್ರೆ ನಿಜವಾಗ್ಲೂ ಗಿರಾಕಿ ಬರ್ತಾರಾ, ಇಲ್ಲಾ ಬೆಳಿಗ್ಗೆ ಬೇಗ ಎದ್ದು ಹೋಗಿ ಇಡ್ಲಿ ವಡೆ ತಿಂದು ವಿಸಿಟಿಂಗ್ ಕಾರ್ಡ್ ಹಂಚಿ ಬರೋದಷ್ಟೇನಾ ಅಂತ. ನಾನು ಮನೆ ಮೇಲೆ ಸೋಲಾರ್ ಹಾಕೋ ಕೆಲ್ಸ ಮಾಡ್ತೀನಿ, ಸರಸ್ವತಿಪುರಂನ ಒಂದು ಹೋಟೆಲ್ ಮಹಡಿ ಮೇಲೆ ಗುರುವಾರ ಬೆಳಿಗ್ಗೆ ಸೇರೋ ಗ್ರೂಪಲ್ಲಿ ಮೆಂಬರ್ ಆಗಿದೀನಿ, ಆದ್ರಿಂದ ನಾನು ನೋಡಿದ್ದನ್ನ ಬರೀತಿದೀನಿ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಯಾಕೆ ಕಟ್ ಅಂತ ಆಮೇಲೆ ಹೇಳ್ತೀನಿ.

ಗೊತ್ತಿಲ್ದೇ ಇರೋರಿಗೆ ಮೊದ್ಲು ಪದ್ಧತಿ ಹೇಳ್ಬಿಡ್ತೀನಿ. ಒಂದು ಕಸುಬಿಗೆ ಒಬ್ರೇ ಮೆಂಬರು, ಒಬ್ರು ಆರ್ಕಿಟೆಕ್ಟ್ ಇದ್ರೆ ಇನ್ನೊಬ್ಬ ಆರ್ಕಿಟೆಕ್ಟ್‌ಗೆ ಸೀಟಿಲ್ಲ. ವಾರವಾರ ಸೇರ್ತೀವಿ, ಪ್ರತಿಯೊಬ್ರೂ ಒಂದೊಂದು ನಿಮಿಷ ತಮ್ಮ ಕೆಲ್ಸ ಏನು, ಈ ವಾರ ಎಂಥ ಗಿರಾಕಿ ಬೇಕು ಅಂತ ಹೇಳ್ತಾರೆ, ಒಬ್ರಿಗೆ ಮಾತ್ರ ಹತ್ತು ನಿಮಿಷ ಸಿಗತ್ತೆ. ಆಮೇಲೆ ಯಾರು ಯಾರಿಗೆ ಗಿರಾಕಿ ಕಳ್ಸಿದ್ರು ಅಂತ ಚೀಟಿ ಕೊಡ್ತಾರೆ. ಈ ಪದ್ಧತಿ ಹೊಸದೇನಲ್ಲ, 1905ರಲ್ಲಿ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ರೋಟರಿ ಶುರು ಮಾಡ್ದಾಗ ಅಲ್ಲೂ ಕಸುಬಿಗೊಬ್ರು ಅಂತಾನೇ ಇತ್ತು, ಒಬ್ರಿಗೊಬ್ರು ವ್ಯಾಪಾರ ಕೊಡೋದೂ ಇತ್ತು, ಕಾಲಕ್ರಮೇಣ ಅದು ಸೇವೆ ಕಡೆ ತಿರುಗ್ತು. ಬರೀ ರೆಫರಲ್‌ಗೇ ಅಂತ 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐವನ್ ಮಿಸ್ನರ್ ಅನ್ನೋರು ಬಿಸಿನೆಸ್ ನೆಟ್‌ವರ್ಕ್ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆ, ಅಂದ್ರೆ ಬಿಎನ್‌ಐ ಶುರು ಮಾಡಿದ್ರು, ಈಗ ಲೋಕಲ್ ಆಗಿ ನಡೆಯೋ ಗ್ರೂಪುಗಳೂ ಹೆಚ್ಚುಕಮ್ಮಿ ಇದೇ ದಾರೀಲಿ ನಡೀತವೆ. ನಮ್ಮದು ಊರೋರೇ ಸೇರಿ ನಡೆಸ್ತಿರೋದು, ಹಾಲ್ ಬಾಡಿಗೆ, ತಿಂಡಿ ಕಾಫಿ ಖರ್ಚು ಹಂಚ್ಕೋತೀವಿ ಅಷ್ಟೇ, ವರ್ಷದ ಫೀಸು ಅದರ ಮೇಲೆ ಜಿಎಸ್‌ಟಿ ಅಂತೆಲ್ಲ ಇಲ್ಲ.

ಈಗ ಮುಖ್ಯ ವಿಷ್ಯ. ಈ ಗ್ರೂಪು ಚೆನ್ನಾಗಿ ನಡೀತಿರೋದು ನಡೆಸೋರಿಂದ. ಪ್ರಿಂಟಿಂಗ್ ಪ್ರೆಸ್ ಇಟ್ಟಿರೋ ಒಬ್ರು ಮೇಡಂ ಕೋಆರ್ಡಿನೇಟರ್. ಅವರ ಹತ್ರ ಒಂದು ಲಾಂಗ್ ನೋಟ್‌ಬುಕ್ ಇದೆ, ಗುರುವಾರ ಕೊಟ್ಟ ಪ್ರತಿ ಚೀಟಿನೂ ಅದ್ರಲ್ಲಿ ಬರ್ಕೋತಾರೆ, ಸೋಮವಾರ ಸಂಜೆ ಹೊತ್ಗೆ ಫೋನ್ ಬಂತು ಅಂದ್ರೆ ಅವ್ರದ್ದೇ. "ಸರ್, ಹೋದ್ವಾರ ನಿಮ್ಗೆ ಕೊಟ್ಟಿದ್ದು ಬೋಗಾದಿ ಮನೆ, ಅವ್ರಿಗೆ ಫೋನ್ ಮಾಡಿದ್ರಾ? ಅವ್ರು ನಿಮ್ ಫೋನ್ ಬರತ್ತೆ ಅಂತ ಕಾಯ್ತಾ ಇದ್ರಾ? ಏನಂದ್ರು?" ಈ ಎರಡನೇ ಪ್ರಶ್ನೆ ಇದೆಯಲ್ಲ, ಅದೇ ಇಡೀ ಗ್ರೂಪಿನ ಜೀವ. ಗಿರಾಕಿ ಕಾಯ್ತಾ ಇದ್ರೆ ಅದು ರೆಫರಲ್ಲು, "ಯಾರ್ರೀ ನೀವು, ನನ್ ನಂಬರ್ ಯಾರ್ ಕೊಟ್ರು" ಅಂದ್ರೆ ಅದು ಬರೀ ಫೋನ್ ನಂಬರು, ಮೇಡಂ ಅದನ್ನ ನೋಟ್‌ಬುಕ್ಕಲ್ಲಿ ಹೊಡೆದು ಹಾಕ್ತಾರೆ, ಕೊಟ್ಟವರು ಎಷ್ಟೇ ದೊಡ್ಡ ಮೆಂಬರ್ ಆಗಿರ್ಲಿ.

ಇದಕ್ಕಿಂತ ಮುಂಚೆ ಇನ್ನೊಂದು ಗ್ರೂಪಲ್ಲಿ ಇದ್ದೆ, ಹೆಸ್ರು ಬೇಡ, ಅದೂ ಲೋಕಲ್ಲೇ. ಅಲ್ಲಿ ಚೀಟಿ ಎಷ್ಟಾಯ್ತು ಅನ್ನೋದೇ ಲೆಕ್ಕ, ತಿಂಗಳಿಗೆ ಇಷ್ಟು ಕೊಡ್ಲೇಬೇಕು ಅಂತ ಒತ್ತಡ ಹಾಕೋರು, ಜನ ಏನ್ ಮಾಡ್ತಾರೆ ಪಾಪ, ಮೀಟಿಂಗ್ ಶುರು ಆಗೋಕೆ ಐದು ನಿಮಿಷ ಮುಂಚೆ ಫೋನ್ ಕಾಂಟ್ಯಾಕ್ಟ್ ಲಿಸ್ಟ್ ತೆಗ್ದು ಯಾವ್ದೋ ನೆಂಟರ ನಂಬರ್ ಬರ್ದು ಕೊಡೋರು, ಚಪ್ಪಾಳೆ ಬೀಳೋದು, ಕೆಲ್ಸ ಮಾತ್ರ ಒಂದೂ ಆಗ್ತಿರ್ಲಿಲ್ಲ. ಆರು ತಿಂಗಳಿಗೊಮ್ಮೆ ಲೀಡರ್ ಬದ್ಲಾಗೋರು, ಹಿಂದಿನವರು ಕೊಟ್ಟಿದ್ದ ರೆಫರಲ್ ಏನಾಯ್ತು ಅಂತ ಹೊಸಬರು ಕೇಳ್ತಾನೇ ಇರ್ಲಿಲ್ಲ. ನಮ್ಮಲ್ಲಿ ನೋಟ್‌ಬುಕ್ಕು ಒಬ್ರಿಂದ ಒಬ್ರಿಗೆ ಹೋಗ್ಬೇಕು ಅಂತ ರೂಲೇ ಇದೆ.

ಇನ್ನೊಂದು ಒಳ್ಳೇದು, ಒಂದು ನಿಮಿಷದ ಮಾತನ್ನ ಇಲ್ಲಿ ತಿದ್ತಾರೆ. "ಸೋಲಾರ್ ಬೇಕಾದೋರಿದ್ರೆ ಹೇಳಿ" ಅಂದ್ರೆ ಯಾರೂ ಯಾರನ್ನೂ ಕಳ್ಸಲ್ಲ. 2023ರಲ್ಲಿ ಗೃಹಜ್ಯೋತಿ ಬಂದ್ಮೇಲೆ 200 ಯೂನಿಟ್ ಒಳಗೆ ಉರ್ಸೋ ಮನೆಯೋರಿಗೆ ಸೋಲಾರ್ ಮಾತೇ ಬೇಡ ಅನ್ಸತ್ತೆ, ಅವ್ರ ಹತ್ರ ಹೋದ್ರೆ ಪೆಟ್ರೋಲ್ ದಂಡ. ಆದ್ರೆ 200 ದಾಟಿದ ಮನೆಗೆ ಪೂರ್ತಿ ಬಿಲ್ ಬರತ್ತೆ, ಎಸಿ ಇರ್ಬೋದು, ಮೇಲೆ ಕೆಳಗೆ ಎರಡು ಸಂಸಾರ ಒಂದೇ ಮೀಟರ್ ಇರ್ಬೋದು, ಎಲೆಕ್ಟ್ರಿಕ್ ಸ್ಕೂಟರ್ ತಗೊಂಡಿರ್ಬೋದು, ನನ್ನ ಗಿರಾಕಿ ಅವ್ರೇ. ಹಾಗಾಗಿ ಈಗ ನಾನು ಹೇಳೋದು ಹೀಗೆ: ಸ್ವಂತ ಮನೆ, ಆರ್‌ಸಿಸಿ ತಾರಸಿ, ಮರದ ನೆರಳು ಬೀಳ್ಬಾರ್ದು, ಸೆಸ್ಕ್ ಕರೆಂಟ್ ಬಿಲ್ 200 ಯೂನಿಟ್ ಮೇಲೆ ಬರ್ತಿರೋರು, ವಿಜಯನಗರ ನಾಲ್ಕನೇ ಹಂತ ಇಲ್ಲಾ ಬೋಗಾದಿ ಕಡೆ. ಕೇಂದ್ರದ ಸೂರ್ಯಘರ್ ಯೋಜನೇಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ನೇರ ಅವ್ರ ಅಕೌಂಟಿಗೇ ಬರತ್ತೆ ಅನ್ನೋ ಒಂದು ಮಾತನ್ನೂ ಸೇರಿಸ್ತೀನಿ, ಯಾಕಂದ್ರೆ ಅದನ್ನ ನನ್ನ ಪರವಾಗಿ ಬೇರೆಯವರೂ ಸುಲಭವಾಗಿ ಹೇಳ್ಬೋದು. ಹೀಗೆ ಹೇಳೋಕೆ ಶುರು ಮಾಡಿದ್ಮೇಲೆ ಆರ್ಕಿಟೆಕ್ಟು, ಎಲೆಕ್ಟ್ರಿಕಲ್ ಕಂಟ್ರಾಕ್ಟರು, ಮನೆ ಲೋನ್ ಮಾಡಿಸೋರು, ಈ ಮೂರೂ ಜನ ಕಳ್ಸಿದ ಗಿರಾಕಿಗಳು ಬಿಲ್ ಕೈಯಲ್ಲೇ ಹಿಡ್ಕೊಂಡು ಮಾತಾಡ್ತಾರೆ. ಬೇರೆ ಬೇರೆ ಕಸುಬು ಆದ್ರೂ ಮನೆ ಕಟ್ಟೋರು ಅನ್ನೋ ಗಿರಾಕಿ ನನ್ನನ್ನೂ ಸೇರ್ಸಿ ನಾಲ್ಕೂ ಜನಕ್ಕೆ ಒಬ್ರೇ, ಅಂಥೋರು ಗ್ರೂಪಲ್ಲಿ ಎಷ್ಟು ಜನ ಇದಾರೆ ಅಂತ ಸೇರೋಕೆ ಮುಂಚೆ ಎಣಿಸ್ಕೊಳ್ಳಿ.

ಮಂಡ್ಯದಿಂದ ಬರೋ ಬೆಲ್ಲದ ವ್ಯಾಪಾರಿ ಒಬ್ರಿದಾರೆ, ಗೌಡ್ರು ಅಂತಾನೇ ಎಲ್ರೂ ಕರೆಯೋದು. ಮೊದಮೊದ್ಲು ವಾರವಾರ "ಒಳ್ಳೆ ಬೆಲ್ಲ ಐತೆ, ಬೇಕಾದೋರು ಹೇಳಿ" ಅಂದು ಕೂತ್ಕೊಳ್ಳೋರು. ಮೇಡಂ ಒಂದಿನ "ಗೌಡ್ರೇ, ಬರೀ ಬೆಲ್ಲ ಅಂದ್ರೆ ಯಾರು ಯಾರನ್ನ ಕಳುಸ್ತಾರೆ, ಮುಂದಿನ ವಾರ ಹತ್ತು ನಿಮಿಷ ನಿಮ್ದೇ, ಮಾಲು ತಂದು ತೋರ್ಸಿ" ಅಂದ್ರು. ಗೌಡ್ರು ಎರಡು ಥರದ ಅಚ್ಚು ಬೆಲ್ಲ ತಂದು ಪೇಪರ್ ಮೇಲೆ ಇಟ್ಟು ಒಡೆದ್ರು. ಒಂದು ಹಳದಿ, ನೋಡೋಕೆ ಚಂದ. ಇನ್ನೊಂದು ಕಂದು ಬಣ್ಣ. "ಈ ಹಳ್ದಿ ಐತಲ್ಲ ಸಾರ್, ಹೈಡ್ರೋಸ್ ಅಂತ ಕೆಮಿಕಲ್ ಹಾಕಿ ಬಣ್ಣ ಬರ್ಸಿರಾದು. ಈ ಕಂದುದ್ಕೆ ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗ್ದವ್ರೆ ಅಷ್ಟೇಯ. ಜನುಕ್ಕೆ ಹಳ್ದಿನೇ ಬೇಕು, ಅದ್ಕೆ ನಂಗೆ ಅಂಗ್ಡಿ ಗಿರಾಕಿ ಬ್ಯಾಡ, ಬಣ್ಣ ಕೇಳ್ದೆ ರುಚಿ ಕೇಳೋರು ಬೇಕು." ಅಷ್ಟೇ ಹೇಳಿದ್ದು. ಪಕ್ಕದಲ್ಲಿ ಕೂತಿದ್ದ ಕೇಟರಿಂಗ್‌ನೋರು ಆ ಕಂದು ಚೂರನ್ನ ಬಾಯಿಗೆ ಹಾಕ್ಕೊಂಡು, ಹೋಳಿಗೆ ಹೂರಣಕ್ಕೆ ಬಣ್ಣ ಯಾರ್ ನೋಡ್ತಾರೆ ಅಂತ ಅಲ್ಲೇ ಸ್ಯಾಂಪಲ್ ಕೇಳಿದ್ರು. ಈಗ ಅವ್ರ ಅಡುಗೆ ಮನೆಗೆ ಗೌಡ್ರದ್ದೇ ಬೆಲ್ಲ. ಆಲೆಮನೆಗೇ ಒಂದ್ಸಲ ಎಲ್ರನ್ನೂ ಕರ್ಕೊಂಡು ಹೋಗಿದ್ರು, ಅದಾದ್ಮೇಲೆ ನಾನೇ ಎಷ್ಟು ಜನಕ್ಕೆ ಅವ್ರ ಬೆಲ್ಲದ ಬಗ್ಗೆ ಹೇಳಿದೀನಿ ಅಂದ್ರೆ ಲೆಕ್ಕ ಇಲ್ಲ, ಕಣ್ಣಾರೆ ನೋಡಿದ್ದನ್ನ ಹೇಳೋಕೆ ಧೈರ್ಯ ಇರತ್ತೆ.

ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಮದುವೆ ಇಲ್ಲ, ಸುಮಾರು ಜನಕ್ಕೆ ವ್ಯಾಪಾರ ಡಲ್. ಆ ತಿಂಗಳು ಚೀಟಿ ಕೇಳಲ್ಲ, ಇಬ್ಬಿಬ್ರು ಸೇರಿ ಒಬ್ರ ಅಂಗಡಿಗೆ ಒಬ್ರು ಹೋಗಿ ಕೂತು ಮಾತಾಡ್ಬೇಕು, ಅದೇ ಕೆಲ್ಸ. ಶ್ರಾವಣ ಶುರುವಾದ್ಮೇಲೆ ಅದ್ರ ಫಲ ಕಾಣತ್ತೆ. ದಸರಾ ಟೈಮಲ್ಲಿ ಹೋಟೆಲ್ ಹಾಲ್ ಸಿಗಲ್ಲ, ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಬ್ರು ಮೆಂಬರ್ ಶೆಡ್ ಇದೆ, ಅಲ್ಲೇ ಕುರ್ಚಿ ಹಾಕ್ಕೊಂಡು ಮೀಟಿಂಗು.

ಸೀಟಿನ ಜಗಳ ಎಲ್ಲಾ ಕಡೆ ಇರತ್ತೆ, ಇಲ್ಲೂ ಇತ್ತು. ಇಂಟೀರಿಯರ್ ಮಾಡೋರು ಮಾಡ್ಯುಲರ್ ಕಿಚನ್ನೂ ಮಾಡ್ತಾರೆ, ಕಿಚನ್ ಒಂದನ್ನೇ ಮಾಡೋರು ಬಂದ್ರೆ ಏನ್ ಮಾಡೋದು? ಕಮಿಟಿಯವರು ಇಬ್ರನ್ನೂ ಕೂರ್ಸಿ ಯಾರಿಗೆ ಯಾವ ಕೆಲ್ಸ ಅಂತ ಪೇಪರ್ ಮೇಲೆ ಬರ್ಸಿ, ಸೈನ್ ಹಾಕ್ಸಿದ್ಮೇಲೇ ಹೊಸಬರನ್ನ ಒಳಗೆ ತಗೊಂಡಿದ್ದು. ಸರಿಯಾದ ಕ್ರಮ.

ಇನ್ನು ಕಟ್ ಮಾಡಿದ ಸ್ಟಾರ್ ವಿಚಾರ. ಬೆಳಿಗ್ಗೆ ಏಳೂಕಾಲಿಗೆ ಅಂದ್ರೆ ಏಳೂಕಾಲು, ಮಕ್ಕಳನ್ನ ಸ್ಕೂಲಿಗೆ ಕಳ್ಸೋ ಹೆಣ್ಮಕ್ಕಳಿಗೆ ಇದು ಆಗೋ ಮಾತಲ್ಲ. ಒಬ್ರು ಡೆಂಟಿಸ್ಟ್ ಮೇಡಂ ಇದೇ ಕಾರಣಕ್ಕೆ ಬಿಟ್ರು, ಬೊಟಿಕ್ ಇಟ್ಟಿರೋರು ವಿಸಿಟರ್ ಆಗಿ ಬಂದು ಇಷ್ಟ ಪಟ್ಟು, ಟೈಮಿಂಗ್ ನೋಡಿ ವಾಪಸ್ ಹೋದ್ರು. ಬದ್ಲಿಗೆ ಬೇರೆಯವರನ್ನ ಕಳ್ಸಬೋದು ಅಂತ ರೂಲ್ ಇದೆ ನಿಜ, ವಾರವಾರ ಯಾರನ್ನ ಕಳ್ಸೋದು? ಮಧ್ಯಾಹ್ನ ಊಟದ ಹೊತ್ತಿಗೆ ಎರಡನೇ ಗ್ರೂಪು ಶುರು ಮಾಡಿ ಅಂತ ನಾನು ಮೀಟಿಂಗಲ್ಲೇ ಕೇಳಿದೀನಿ, ಇಲ್ಲೂ ಕೇಳ್ತಿದೀನಿ, ಇದು ಆಗ್ಲೇಬೇಕು. ಊರಲ್ಲಿ ಇಷ್ಟು ಜನ ಹೆಂಗಸರು ಸ್ವಂತ ವ್ಯಾಪಾರ ಮಾಡ್ತಿರೋವಾಗ ಗ್ರೂಪಲ್ಲಿ ಬೆರಳೆಣಿಕೆ ಜನ ಇದ್ರೆ ನಷ್ಟ ಗ್ರೂಪಿಗೇ.

ಯಾರಿಗೆ ಬೇಡ ಅಂದ್ರೆ, ಈ ತಿಂಗಳ ಬಾಡಿಗೆ ಕಟ್ಟೋಕೆ ಈ ತಿಂಗಳೇ ಗಿರಾಕಿ ಬೇಕು ಅನ್ನೋರಿಗೆ. ಇಲ್ಲಿ ನಂಬಿಕೆ ಹುಟ್ಟೋಕೆ ತಿಂಗಳುಗಳು ಹಿಡಿಯತ್ತೆ. ಊರು ಬಿಟ್ಟು ಬೇರೆ ಬೇರೆ ಕಡೆ ಓಡಾಡೋ ಕೆಲ್ಸ ಇರೋರಿಗೂ ಕಷ್ಟ, ಅಟೆಂಡೆನ್ಸ್ ವಿಚಾರದಲ್ಲಿ ಬಿಡಲ್ಲ. ಬಾಕಿಯವರು ದುಡ್ಡು ಕಟ್ಟೋಕೆ ಮುಂಚೆ ಎರಡು ಸಲ ವಿಸಿಟರ್ ಆಗಿ ಬನ್ನಿ, ತಿಂಡಿ ದುಡ್ಡು ಅಷ್ಟೇ ಆಗತ್ತೆ. ಈಗ ಬೋರ್‌ವೆಲ್, ಟ್ರಾವೆಲ್ಸ್, ಸಿಸಿಟಿವಿ ಸೀಟು ಖಾಲಿ ಇದೆ. ಬಂದಾಗ ಹಳೇ ಮೆಂಬರ್ ಒಬ್ರನ್ನ ಪಕ್ಕಕ್ಕೆ ಕರ್ದು, ಹೋದ ತಿಂಗಳು ನಿಮ್ಗೆ ಬಂದ ರೆಫರಲ್‌ನಲ್ಲಿ ಎಷ್ಟು ಬಿಲ್ ಆಯ್ತು ಅಂತ ಕೇಳಿ, ಇಲ್ಲಿ ಹೇಳ್ತಾರೆ.