ಹಸು ಸೂಪರ್, ನಾಯಿ ಮಾತ್ರ ನಗುತ್ತಿಲ್ಲ

ಮಗಳ ಕೋಣೆಗೆ ಅಂತ ‘ಹೇ ಡಿಡಲ್ ಡಿಡಲ್’ ಅನ್ನುವ ಇಂಗ್ಲಿಷ್ ಶಿಶುಪದ್ಯದ ವಾಟರ್‌ಕಲರ್ ಚಿತ್ರ ತರಿಸಿದೆ. ಎ4 ಅಳತೆ, ಫ್ರೇಮ್ ಇಲ್ಲ. ಪಿಟೀಲು ಹಿಡಿದ ಬೆಕ್ಕು, ಚಂದ್ರನ ಮೇಲಿಂದ ಜಿಗಿಯುವ ಹಸು, ಅದನ್ನು ನೋಡಿ ನಗುವ ಪುಟ್ಟ ನಾಯಿ, ಚಮಚದ ಜೊತೆ ಓಡಿಹೋಗುವ ತಟ್ಟೆ, ಎಲ್ಲರೂ ಹಾಜರ್.

ಮೊದಲು ಹಸುವಿನ ವಿಷಯ ಹೇಳಿಬಿಡುತ್ತೇನೆ. ಈ ಪದ್ಯಕ್ಕೆ ಚಿತ್ರ ಬರೆಯುವಾಗ ಹಸುವನ್ನು ಬಲೂನಿನ ಹಾಗೆ ತೇಲಿಸಿಬಿಡುವುದು ಸುಲಭ. ಇದು ಹಾಗಲ್ಲ, ಮೈತುಂಬ ಭಾರ ಇರುವ ಹಸು. ಹಿಂಗಾಲು ಆಗಷ್ಟೇ ನೆಲ ಒದ್ದ ರಭಸಕ್ಕೆ ಹಿಂದಕ್ಕೆ ಚಾಚಿದೆ, ಹೊಟ್ಟೆ ಜೋತುಬಿದ್ದಿದೆ, ಕಿವಿ ಹಿಂದಕ್ಕೆ ಮಡಚಿದೆ, ಕಣ್ಣಲ್ಲಿ ಚೂರು ಗಾಬರಿ ಬೇರೆ. ‘ಅಮ್ಮಾ, ಬಿದ್ದುಬಿಡುತ್ತೆ’ ಅಂದಳು ಮಗಳು. ನನಗೂ ಹಾಗೇ ಅನ್ನಿಸಿತು.

ಚಂದ್ರನಿಗೆ ಬಿಳಿ ಬಣ್ಣ ಬಳಿದಿಲ್ಲ. ಕಾಗದವನ್ನೇ ಖಾಲಿ ಬಿಟ್ಟು ಸುತ್ತ ನೀಲಿ ಹರಿಸಿದ್ದಾರೆ. ಎಡಗಡೆ ಅರೆಬರೆ ಒಣಗಿದ ಬಣ್ಣದೊಳಕ್ಕೆ ನೀರು ನುಗ್ಗಿ, ಹೂಕೋಸಿನ ಹಾಗೆ ಒಂದು ಕಲೆ ಎದ್ದಿದೆ. ಅದು ಬೇಕಂತ ಮಾಡಿದ್ದೋ ಕೈತಪ್ಪಿದ್ದೋ, ಮೋಡದ ಥರ ಚೆನ್ನಾಗೇ ಕೂತಿದೆ.

ನಾಯಿ ಮಾತ್ರ ಕೆಟ್ಟಿದೆ. ನಗುತ್ತಿಲ್ಲ, ಬಿಸಿಲಲ್ಲಿ ಓಡಿಬಂದು ನಾಲಿಗೆ ಚಾಚಿ ಏದುಸಿರು ಬಿಡುತ್ತಿದೆ. ಒಂದು ಬಟ್ಟಲು ನೀರಿಡೋಣ ಅನ್ನಿಸುತ್ತೆ. ತಟ್ಟೆ, ಚಮಚ ಸುಮ್ನೆ ಮೂಲೆ ತುಂಬಿಸಲು ಇದ್ದ ಹಾಗಿವೆ. ಇಂಗ್ಲಿಷ್ ಚಿತ್ರಕಾರ ರಾಂಡಾಲ್ಫ್ ಕಾಲ್ಡೆಕಾಟ್ 1882ರಲ್ಲಿ ಇದೇ ಪದ್ಯಕ್ಕೆ ಚಿತ್ರ ಬರೆದಾಗ, ಪದ್ಯದಲ್ಲಿ ಇಲ್ಲದ ಕಥೆಯನ್ನೇ ಸೇರಿಸಿದ್ದರು. ಕೊನೆಗೆ ತಟ್ಟೆ ಒಡೆದು ಚೂರಾಗಿರುತ್ತೆ, ಚಮಚವನ್ನು ಚಾಕು ಮತ್ತು ಫೋರ್ಕ್ ಕರೆದುಕೊಂಡು ಹೋಗುತ್ತಿರುತ್ತವೆ, ಮನೆಯ ಹಿರಿಯರ ಹಾಗೆ. ಅಷ್ಟು ಬೇಡ, ಇಲ್ಲಿ ತಟ್ಟೆಗೆ ಓಡುವ ಅವಸರವಾದರೂ ಇರಬೇಕಿತ್ತು ಅಲ್ವಾ?

ಇನ್ನು ನನ್ನ ಜಗಳ. ವಿವರಣೆ ಓದಿದರೆ ಕೈಯಲ್ಲಿ ಬರೆದ ಚಿತ್ರವೇ ಬರುತ್ತೆ ಅನ್ನಿಸಿತ್ತು, ಬಂದದ್ದು ಪ್ರಿಂಟ್. ಕೈಯಲ್ಲಿ ಬರೆದ ವಾಟರ್‌ಕಲರ್ ಆದರೆ ಅಲ್ಟ್ರಾಮರೀನ್ ಅನ್ನುವ ಗಾಢ ನೀಲಿಯ ಪುಡಿ ಕಾಗದದ ಸಣ್ಣ ಗುಳಿಗಳಲ್ಲಿ ಇಳಿದು ತರಿತರಿಯಾಗಿ ಕೂರುತ್ತೆ. ಇದರಲ್ಲೂ ಆ ತರಿ ಕಣ್ಣಿಗೆ ಕಾಣುತ್ತೆ, ಬೆರಳಾಡಿಸಿದರೆ ಕಾಗದ ಮಾತ್ರ ಪೂರ್ತಿ ನುಣುಪು. ಭೂತಗನ್ನಡಿ ಹಿಡಿದೆ, ಬರೀ ಇಂಕಿನ ಚುಕ್ಕಿಗಳು. ಕೇಳಿದ್ದಕ್ಕೆ ಮಾರಿದವರು ‘ಮೂಲ ಚಿತ್ರ ವಾಟರ್‌ಕಲರೇ ಅಲ್ವಾ’ ಅಂದರು. ಇದಕ್ಕೇನು ಹೇಳೋದು! ನೀವು ತರಿಸುವುದಾದರೆ ಪ್ರಿಂಟೋ ಮೂಲವೋ ಅಂತ ಮೊದಲೇ ಕೇಳಿಕೊಳ್ಳಿ.

ಪ್ರಿಂಟ್ ಆಗಿ ನೋಡಿದರೆ ಬಣ್ಣ ಚೆನ್ನಾಗಿ ಬಂದಿದೆ, ಕಾಗದವೂ ದಪ್ಪ, ಸುರುಳಿ ಸುತ್ತದೆ ರಟ್ಟಿನ ಮಧ್ಯೆ ಇಟ್ಟು ಕಳಿಸಿದ್ದರು. ಫ್ರೇಮ್ ಹಾಕಿಸುವಾಗ ಗಾಜು ಕಾಗದಕ್ಕೆ ತಾಗದ ಹಾಗೆ ನಡುವೆ ಮೌಂಟ್, ಅಂದರೆ ಚಿತ್ರದ ಸುತ್ತ ದಪ್ಪ ರಟ್ಟಿನ ಅಂಚು, ಇಡಿಸಿದೆ. ವಾಪಸ್ ಕಳಿಸೋಣ ಅಂತ ಎರಡು ದಿನ ಯೋಚಿಸಿ, ಹಸುವಿನ ಮುಖ ನೋಡಿ ಬಿಟ್ಟೆ. ಕಿಟಕಿಯ ಬಿಸಿಲು ಬೀಳದ ಗೋಡೆಗೆ ಹಾಕಿದ್ದೇನೆ.