ಸಿಸೇರಿಯನ್ ‘ಪ್ಯಾಕೇಜ್’: ಹೇಳಿದ ದರ 1,45,000, ಕೊನೆಯ ಬಿಲ್ಲು 1,96,675

ಕಳೆದ ಶ್ರಾವಣದಲ್ಲಿ ದಕ್ಷಿಣ ಬೆಂಗಳೂರಿನ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ನನ್ನ ಚೊಚ್ಚಲ ಹೆರಿಗೆಯಾಯಿತು. ಆಸ್ಪತ್ರೆಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಬೇಕೆಂದಿರುವ ದೋಷ ಒಂದೇ ಕಟ್ಟಡದ್ದಲ್ಲ. ಅದೇ ಸಮಯದಲ್ಲಿ ಬೇರೆ ಬೇರೆ ಕಡೆ ಹೆರಿಗೆಯಾದ ನನ್ನ ಮೂವರು ಗೆಳತಿಯರೂ ಹೆಚ್ಚುಕಡಿಮೆ ಇದೇ ಲೆಕ್ಕವನ್ನು ಒಪ್ಪಿಸಿದ್ದಾರೆ. ಚಿಕಿತ್ಸೆಯ ವಿಷಯದಲ್ಲಿ ನನಗೆ ಯಾವ ದೂರೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನೋವು ಬರಿಸುವ ಔಷಧಿ ಕೊಟ್ಟು ಹನ್ನೊಂದು ಗಂಟೆ ಕಾದ ಮೇಲೆ ರಾತ್ರಿ ಎರಡರ ಹೊತ್ತಿಗೆ ಮಗುವಿನ ಎದೆಬಡಿತ ಇಳಿಯತೊಡಗಿದಾಗ, ವೈದ್ಯೆ ಇಪ್ಪತ್ತೇ ನಿಮಿಷದಲ್ಲಿ ನನ್ನನ್ನು ಶಸ್ತ್ರಚಿಕಿತ್ಸಾ ಕೊಠಡಿಗೆ ಕರೆದೊಯ್ದರು. ಬೆನ್ನಿಗೆ ಅರಿವಳಿಕೆ ಕೊಡುವಾಗ ನನ್ನ ಕೈ ಹಿಡಿದುಕೊಂಡಿದ್ದ ನರ್ಸಮ್ಮ, ಏನೇನು ನಡೆಯುತ್ತಿದೆ ಎಂದು ಕನ್ನಡದಲ್ಲಿ ಒಂದೊಂದಾಗಿ ಹೇಳುತ್ತಲೇ ಇದ್ದರು. ಮಗಳು ಅತ್ತ ಸದ್ದು ಕೇಳುವವರೆಗೂ ಆ ಕೈಯನ್ನು ಅವರು ಬಿಡಲಿಲ್ಲ. ಈ ಭಾಗಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಅಂಕ ಕಳೆಯುವುದು ಬಿಲ್ಲಿಂಗ್ ಕೌಂಟರಿನಲ್ಲಿ. ಏಳನೆಯ ತಿಂಗಳಲ್ಲಿ ನಾವು ಹೆಸರು ನೋಂದಾಯಿಸಿದಾಗ ಕೈಗೆ ಬಂದ ಬಣ್ಣದ ಹಾಳೆಯಲ್ಲಿ ಮೂರು ರಾತ್ರಿಯ ಸಿಸೇರಿಯನ್ ಪ್ಯಾಕೇಜಿಗೆ ಇಬ್ಬರು ಹಂಚಿಕೊಳ್ಳುವ ಕೋಣೆಯಾದರೆ 1,10,000 ರೂಪಾಯಿ, ಒಬ್ಬರದೇ ಕೋಣೆಯಾದರೆ 1,45,000 ರೂಪಾಯಿ ಎಂದಿತ್ತು. ಬಾಣಂತನಕ್ಕೆ ಬರಲಿದ್ದ ಅಮ್ಮನಿಗೆ ರಾತ್ರಿ ಮಲಗಲು ಜಾಗವಿರಲಿ ಎಂದು ನಾವು ಒಬ್ಬರದೇ ಕೋಣೆಯನ್ನು ಆರಿಸಿದೆವು. ಕೋಣೆ ದೊಡ್ಡದಾದರೆ ಬಾಡಿಗೆಯಷ್ಟೇ ಹೆಚ್ಚಾಗುತ್ತದೆ ಎಂದು ಭಾವಿಸಿದ್ದ ನಮಗೆ, ಅನೇಕ ಖಾಸಗಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸಕರ ಶುಲ್ಕ, ಅರಿವಳಿಕೆ ತಜ್ಞರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಬಾಡಿಗೆ ಎಲ್ಲವೂ ಕೋಣೆಯ ದರ್ಜೆಯೊಂದಿಗೆ ಏರುತ್ತವೆ ಎಂಬುದು ಆಗ ತಿಳಿದಿರಲಿಲ್ಲ. ಒಂದೇ ವೈದ್ಯೆ, ಒಂದೇ ಮೇಜು, ಒಂದೇ ಹೊಲಿಗೆ. ಮಂಚ ಯಾವ ಕೋಣೆಯಲ್ಲಿದೆ ಎಂಬುದರ ಮೇಲೆ 35,000 ರೂಪಾಯಿಯ ವ್ಯತ್ಯಾಸ.

ಕೊನೆಯ ಬಿಲ್ಲನ್ನು ಇಲ್ಲಿ ಪೂರ್ತಿಯಾಗಿ ಬಿಡಿಸಿಡುತ್ತೇನೆ, ಏಕೆಂದರೆ ನೋಂದಣಿಯ ಮುಂಚೆ ಇಂಥದ್ದೊಂದು ಲೆಕ್ಕ ನನ್ನ ಕಣ್ಣಿಗೆ ಬಿದ್ದಿದ್ದರೆ ನಾನು ಕೇಳುತ್ತಿದ್ದ ಪ್ರಶ್ನೆಗಳೇ ಬೇರೆಯಾಗಿರುತ್ತಿದ್ದವು. ಪ್ಯಾಕೇಜು 1,45,000. ಮೊದಲು ಸಹಜ ಹೆರಿಗೆಗೆ ಪ್ರಯತ್ನಿಸಿ ಆಮೇಲೆ ಸಿಸೇರಿಯನ್ ಆದದ್ದರಿಂದ ಹೆರಿಗೆ ಕೋಣೆಯ ಬಾಡಿಗೆಯೆಂದು 6,000. ಮಕ್ಕಳ ವೈದ್ಯರು ಹೆರಿಗೆಯ ಹೊತ್ತಿನಲ್ಲಿ ಹಾಜರಿದ್ದು ಆಮೇಲೆ ದಿನವೂ ಬಂದು ನೋಡಿದ್ದಕ್ಕೆ 9,500. ಮೂರನೆಯ ದಿನ ಮಗುವಿಗೆ ಕಾಮಾಲೆ ಕಾಣಿಸಿಕೊಂಡು ಎರಡು ದಿನ ನೀಲಿ ಬೆಳಕಿನಡಿ ಮಲಗಿಸಿದ್ದಕ್ಕೆ 12,000. ಅದರಿಂದಾಗಿ ಹೆಚ್ಚಿದ ಒಂದು ರಾತ್ರಿಗೆ 8,500, ಅದರ ಮೇಲೆ ಜಿಎಸ್‌ಟಿ 425. ಪ್ಯಾಕೇಜಿನ ಮಿತಿಗೆ ಹೊರತಾದ ಔಷಧಿ, ಕೈಗವಸು, ಪ್ಯಾಡು, ಹೊಲಿಗೆ ದಾರ ಮುಂತಾದವುಗಳಿಗೆ 11,450. ಮಗುವಿನ ಮೊದಲ ಲಸಿಕೆಗಳಿಗೆ 3,800. ಒಟ್ಟು 1,96,675 ರೂಪಾಯಿ. ಜಿಎಸ್‌ಟಿ ಏಕೆ ಬಂತೆಂದು ನನ್ನವರು ಕೇಳಿದಾಗ ಕೌಂಟರಿನವರಿಗೆ ವಿವರಿಸಲಾಗಲಿಲ್ಲ. ಆಸ್ಪತ್ರೆಯ ಚಿಕಿತ್ಸೆಗೆ ತೆರಿಗೆಯಿಲ್ಲವಾದರೂ, ತೀವ್ರ ನಿಗಾ ಘಟಕವನ್ನು ಬಿಟ್ಟು ದಿನಕ್ಕೆ 5,000 ರೂಪಾಯಿ ಮೀರಿದ ಕೋಣೆ ಬಾಡಿಗೆಗೆ 2022ರ ಜುಲೈ 18ರಿಂದ ಶೇ. 5ರ ತೆರಿಗೆ ಇದೆ ಎಂಬುದನ್ನು ನಾವೇ ಹುಡುಕಿ ತಿಳಿದುಕೊಂಡೆವು.

ಈ ಬಾಬತ್ತುಗಳಲ್ಲಿ ಯಾವುದೂ ಸುಳ್ಳಲ್ಲ, ಯಾವುದೂ ಅನಗತ್ಯವಾಗಿ ಮಾಡಿದ್ದೂ ಅಲ್ಲ. ಮಕ್ಕಳ ವೈದ್ಯರಿಲ್ಲದೆ ಸಿಸೇರಿಯನ್ ಮಾಡುವುದುಂಟೆ? ನವಜಾತ ಶಿಶುವಿಗೆ ಕಾಮಾಲೆ ಬರುವುದು ತೀರ ಸಾಮಾನ್ಯ. ನನ್ನ ಆಕ್ಷೇಪವಿರುವುದೂ ಇಲ್ಲಿಯೇ. ಇಷ್ಟು ಸಾಮಾನ್ಯವಾದ, ಮೊದಲೇ ಊಹಿಸಬಹುದಾದ ಖರ್ಚನ್ನು ಹೊರಗಿಟ್ಟು ಉಳಿದದ್ದಕ್ಕೆ ಪ್ಯಾಕೇಜ್ ಎಂದು ಹೆಸರಿಟ್ಟರೆ, ಬಸುರಿ ಹೆಂಗಸು ಮತ್ತು ಅವಳ ಮನೆಯವರು ತಪ್ಪು ಮೊತ್ತವನ್ನು ನಂಬಿಕೊಂಡು ಹಣ ಹೊಂದಿಸುತ್ತಾರೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಆಸ್ಪತ್ರೆಗಳು ತಮ್ಮ ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕು. ಈ ಆಸ್ಪತ್ರೆಯೂ ಹಾಕಿತ್ತು. ಆದರೆ ಆ ಫಲಕದಲ್ಲಿ ಪ್ಯಾಕೇಜಿನ ಒಳಗೆ ಏನಿದೆ ಎಂದಿತ್ತೇ ಹೊರತು ಏನಿಲ್ಲ ಎಂದಿರಲಿಲ್ಲ.

ಇನ್ನು ಹಣ ಬಂದ ದಾರಿ. ನನ್ನವರ ಕಂಪನಿಯ ಗುಂಪು ವಿಮೆಯಲ್ಲಿ ಕುಟುಂಬಕ್ಕೆ ಐದು ಲಕ್ಷದ ರಕ್ಷಣೆ ಇದೆ ಎಂದು ನಾವು ನಿಶ್ಚಿಂತೆಯಾಗಿದ್ದೆವು. ಆದರೆ ಹೆರಿಗೆಗೆ ಅದರೊಳಗೇ 75,000 ರೂಪಾಯಿಯ ಪ್ರತ್ಯೇಕ ಮಿತಿಯಿತ್ತು. ಮಗುವಿನ ಕಾಮಾಲೆಯ ಚಿಕಿತ್ಸೆಯನ್ನು ಮಾತ್ರ ಕುಟುಂಬದ ಮೊತ್ತದಿಂದ ಬೇರೆಯಾಗಿ ಕೊಟ್ಟರು, ಏಕೆಂದರೆ ನಮ್ಮ ಪಾಲಿಸಿಯಲ್ಲಿ ಮಗುವಿಗೆ ಹುಟ್ಟಿದ ದಿನದಿಂದಲೇ ರಕ್ಷಣೆಯಿತ್ತು. ಎಲ್ಲ ಪಾಲಿಸಿಗಳಲ್ಲೂ ಹೀಗಿರುವುದಿಲ್ಲ, ಕೆಲವು ಕಡೆ ಮಗುವಿನ ಖರ್ಚನ್ನೂ ಹೆರಿಗೆಯ ಮಿತಿಯೊಳಗೇ ಸೇರಿಸುತ್ತಾರೆ. ಒಟ್ಟು 87,000 ರೂಪಾಯಿ ವಿಮೆಯಿಂದ ಬಂತು. ಉಳಿದ 1,09,675ರಲ್ಲಿ 30,000 ಮುಂಗಡವಾಗಿ ಕಟ್ಟಿದ್ದೆವು. ಮೂರನೆಯ ತಿಂಗಳಿನಿಂದ ಬ್ಯಾಂಕಿನಲ್ಲಿ ಆರ್‌ಡಿ ಕಟ್ಟುತ್ತ ಬಂದಿದ್ದ 60,000 ಆ ದಿನ ಕೈಹಿಡಿಯಿತು. ಕೊನೆಯ 19,675ನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ ಮುಂದಿನ ಸಂಬಳದಲ್ಲಿ ತೀರಿಸಿದೆವು. ಅಮ್ಮ ತನ್ನ ಬಳೆ ಅಡವಿಡುವ ಮಾತೆತ್ತಿದ್ದಳು. ಅದು ಬೇಕಾಗದೆ ಹೋದದ್ದು ಆ ಆರ್‌ಡಿಯಿಂದ.

ವಿಮೆಯ ಕಾಗದ ಓದುವಾಗ ಹೆರಿಗೆಯ ಮಿತಿಯ ಜೊತೆಗೆ ಕೋಣೆ ಬಾಡಿಗೆಯ ಮಿತಿಯನ್ನೂ ನೋಡಬೇಕು. ದಿನಕ್ಕೆ ಇಷ್ಟೇ ಎಂಬ ಮಿತಿಯಿರುವ ಪಾಲಿಸಿಯಲ್ಲಿ ಅದಕ್ಕಿಂತ ದುಬಾರಿ ಕೋಣೆ ತೆಗೆದುಕೊಂಡರೆ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಅಲ್ಲದೆ ವೈದ್ಯರ ಶುಲ್ಕದಂಥ ಬಾಬತ್ತುಗಳನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡಬಹುದು; ಔಷಧಿ ಮತ್ತು ಪರೀಕ್ಷೆಗಳ ವೆಚ್ಚಕ್ಕೆ ಈ ಕಡಿತವನ್ನು ಅನ್ವಯಿಸುವಂತಿಲ್ಲ. ಸ್ವಂತವಾಗಿ ಕೊಂಡ ಪಾಲಿಸಿಗಳಲ್ಲಿ ಹೆರಿಗೆಗೆ ಸಾಮಾನ್ಯವಾಗಿ ಒಂಬತ್ತು ತಿಂಗಳಿನಿಂದ ಹಿಡಿದು ಕೆಲವು ವರ್ಷದವರೆಗೂ ಕಾಯುವ ಅವಧಿಯಿರುತ್ತದೆ, ಆದ್ದರಿಂದ ಗರ್ಭ ನಿಂತ ಮೇಲೆ ಕೊಂಡ ಪಾಲಿಸಿ ಆ ಹೆರಿಗೆಗೆ ಒದಗುವುದಿಲ್ಲ.

ಬಿಡುಗಡೆಯ ದಿನದ ಬಗ್ಗೆ ಒಂದು ಮಾತು. ಬೆಳಗ್ಗೆ ಹತ್ತಕ್ಕೆ ವೈದ್ಯೆ ಮನೆಗೆ ಹೋಗಬಹುದೆಂದರು, ನಾವು ಕೋಣೆ ಬಿಟ್ಟಾಗ ಸಂಜೆ ಐದೂವರೆ. ವಿಮಾ ಕಂಪನಿಯೇ ತಡ ಮಾಡುತ್ತಿದೆ ಎಂದು ಕೌಂಟರಿನವರು ಹೇಳುತ್ತಲೇ ಇದ್ದರು. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯಂತೆ, ಆಸ್ಪತ್ರೆಯಿಂದ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ವಿಮಾ ಕಂಪನಿ ಬಿಡುಗಡೆಗೆ ಅಂತಿಮ ಒಪ್ಪಿಗೆ ಕೊಡಬೇಕು, ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಆಮೇಲೆ ಮೊಬೈಲಿಗೆ ಬಂದಿದ್ದ ಸಂದೇಶಗಳನ್ನು ನೋಡಿದರೆ ವಿಮಾ ಕಂಪನಿ ತೆಗೆದುಕೊಂಡದ್ದು ಎರಡೇ ಗಂಟೆ. ಆಸ್ಪತ್ರೆ ಕೊನೆಯ ಬಿಲ್ಲನ್ನು ಕಳುಹಿಸಿದ್ದೇ ಮಧ್ಯಾಹ್ನ ಮೂರು ದಾಟಿದ ಮೇಲೆ. ಹೊಟ್ಟೆಯ ಹೊಲಿಗೆ ಹಸಿಯಾಗಿರುವ ಬಾಣಂತಿಯನ್ನು ಅಷ್ಟು ಹೊತ್ತು ಕೂರಿಸಿ ಕಾಯಿಸುವುದು ನನ್ನ ಮಟ್ಟಿಗೆ ಸೇವೆಯ ದೊಡ್ಡ ಕೊರತೆ.

ನನ್ನ ಓರಗಿತ್ತಿಗೆ ಅದಕ್ಕೆ ನಾಲ್ಕು ತಿಂಗಳ ಹಿಂದೆ ಊರಿನ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿತ್ತು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆ, ಔಷಧಿ, ಪರೀಕ್ಷೆ, ಬೇಕಾದರೆ ರಕ್ತ, ಏಳು ದಿನದವರೆಗಿನ ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಅವಳನ್ನು ಮನೆಗೆ ತಂದುಬಿಟ್ಟದ್ದೂ ನಗು–ಮಗು ವಾಹನವೇ. ಮನೆಯವರ ಓಡಾಟಕ್ಕಷ್ಟೇ ಅವರ ಕೈಯಿಂದ ಹಣ ಹೋಯಿತು. ವಾರ್ಡು ಕಿಕ್ಕಿರಿದಿತ್ತು, ಜೊತೆಗಿದ್ದ ನಮ್ಮ ಅತ್ತೆಯವರು ನೆಲದಲ್ಲೇ ಮಲಗಿದರು, ಪ್ರಶ್ನೆ ಕೇಳಲು ವೈದ್ಯರು ಸಿಗುತ್ತಿದ್ದದ್ದು ಬೆಳಗಿನ ಸುತ್ತಿನಲ್ಲಿ ಮಾತ್ರ. ಆದರೂ ತಾಯಿ ಮಗು ಇಬ್ಬರೂ ಚೆನ್ನಾಗಿ ಮನೆಗೆ ಬಂದರು. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿಗೋಷನ್ ಇಂಥ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಗಳು. ಖಾಸಗಿ ಬಿಲ್ಲು ಕೈಮೀರುವಂತಿದ್ದರೆ ಇವುಗಳನ್ನು ಕೊನೆಯ ಗಳಿಗೆಯ ಆಸರೆಯೆಂದುಕೊಳ್ಳದೆ ಮೊದಲೇ ತಾಯಿ ಕಾರ್ಡ್ ಮಾಡಿಸಿ ಅಲ್ಲಿ ಒಮ್ಮೆ ತೋರಿಸಿಟ್ಟಿರುವುದು ಲೇಸು. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿದ್ದು ಇಎಸ್‌ಐ ವಂತಿಗೆ ಕಟ್ಟುವ ಹೆಂಗಸರಿಗೆ ಇಎಸ್‌ಐ ಆಸ್ಪತ್ರೆಯ ಹೆರಿಗೆಯೂ, ಷರತ್ತು ಪೂರೈಸಿದರೆ 26 ವಾರಗಳ ಸಂಬಳದಷ್ಟು ಭತ್ಯೆಯೂ ಇದೆ. ಮೊದಲ ಮಗುವಿಗೆ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯ 5,000 ರೂಪಾಯಿಗೆ ಅರ್ಹತೆ ಇದೆಯೇ ಎಂದು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಬಹುದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 47ಕ್ಕೂ ಹೆಚ್ಚು ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು ಶೇ. 14. ಈ ಅಂತರದ ಕಾರಣಗಳ ಚರ್ಚೆ ಬೇರೆಯೇ ಇದೆ. ಖಾಸಗಿಯಲ್ಲಿ ಹೆಸರು ಬರೆಸುವ ಮನೆಯವರು ಮಾತ್ರ ಸಹಜ ಹೆರಿಗೆಯ ದರವನ್ನು ಬದಿಗಿಟ್ಟು ಸಿಸೇರಿಯನ್ನಿನ ದರಕ್ಕೇ ಹಣ ಹೊಂದಿಸಬೇಕು, ಅದರ ಮೇಲೆ ಮೂರನೆಯ ಒಂದು ಪಾಲಾದರೂ ಕೈಯಲ್ಲಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ನನ್ನ ತಂಗಿಗೆ ಐದು ತಿಂಗಳು. ಅವಳ ಸ್ವಂತ ಪಾಲಿಸಿಯ ಕಾಯುವ ಅವಧಿ ಇನ್ನೂ ಮುಗಿದಿಲ್ಲವಾದ್ದರಿಂದ ಪೂರ್ತಿ ಹಣ ಅವರೇ ಕಟ್ಟಬೇಕು. ಆ ವೈದ್ಯೆಯ ಮೇಲಿನ ನಂಬಿಕೆಯಿಂದ ಅವಳನ್ನೂ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಈ ಸಲ ಇಬ್ಬರು ಹಂಚಿಕೊಳ್ಳುವ ಕೋಣೆಯನ್ನೇ ಆರಿಸಿದೆವು. ನನ್ನ ಹಳೆಯ ಬಿಲ್ಲನ್ನು ಮೇಜಿನ ಮೇಲಿಟ್ಟು, ಹೆರಿಗೆ ಕೋಣೆಯ ಬಾಡಿಗೆ, ಮಕ್ಕಳ ವೈದ್ಯರ ಶುಲ್ಕ, ಹೆಚ್ಚುವರಿ ರಾತ್ರಿ, ನವಜಾತ ಶಿಶುವಿನ ತೀವ್ರ ನಿಗಾ ಘಟಕದ ದಿನದ ದರ, ಇವೆಲ್ಲ ಎಷ್ಟೆಷ್ಟೆಂದು ಬರೆದುಕೊಡಿ ಎಂದು ಕೇಳಿದೆ. ಮೇಲ್ವಿಚಾರಕರು ಮೊದಲು ಹಿಂಜರಿದರೂ ಕಡೆಗೆ ಲೆಟರ್‌ಹೆಡ್ಡಿನಲ್ಲಿ ಬರೆದು, ಸಹಿ ಹಾಕಿ ಮೊಹರು ಒತ್ತಿಕೊಟ್ಟರು. ಆ ಹಾಳೆ ಈಗ ತಂಗಿಯ ತಾಯಿ ಕಾರ್ಡಿನ ಜೊತೆಗಿದೆ.