ಸ್ಟೇನ್‌ಲೆಸ್ ಪೆಟ್ಟಿಗೆಗೆ ಪ್ರೆಸ್ ಸ್ಟಡ್ ಹಾಕಿಸುವವರು ಓದಿ

ತೋಟದ ಪಂಪ್‌ಸೆಟ್‌ಗಳಿಗೆ ಸ್ಟಾರ್ಟರ್ ಪ್ಯಾನೆಲ್ ಜೋಡಿಸಿಕೊಡುವುದು ನನ್ನ ಕೆಲಸ. ಬದಿಯಡ್ಕ, ಪೆರ್ಲ ಕಡೆಯ ಮಳೆಗೆ ಸಾದಾ ಕಬ್ಬಿಣದ ಪೆಟ್ಟಿಗೆ ಬಾಳಿಕೆ ಬರುವುದಿಲ್ಲ. ಹಾಗಾಗಿ ಈ ಸಲ 1.2 ಮಿ.ಮೀ. ದಪ್ಪದ 304 ಸ್ಟೇನ್‌ಲೆಸ್ ತಗಡಿನಲ್ಲಿ ಮಾಡಿಸಿದೆ. ಒಳಗಿನ ಪ್ಲೇಟ್ ಕೂರಿಸಲು ಎಂ5 (5 ಮಿ.ಮೀ.) ಪ್ರೆಸ್ ಸ್ಟಡ್ ಹೇಳಿದ್ದೆ, ಅಂದರೆ ತಗಡಿನ ತೂತಿಗೆ ಒತ್ತಿ ಕೂರಿಸುವ ಬೋಲ್ಟ್. ಕಾಸರಗೋಡಿನ ಒಂದು ಫ್ಯಾಬ್ರಿಕೇಶನ್ ಶಾಪಿನವರು "ಅದೆಲ್ಲ ನಮ್ಮಲ್ಲಿ ಉಂಟು" ಅಂದರು.

ಪೆಟ್ಟಿಗೆ ನೋಡಲು ಚಂದವೇ ಇತ್ತು. ಶೆಡ್ಡಿನ ಗೋಡೆಗೆ ಕೂರಿಸಿ ನಟ್ ಬಿಗಿಯುವಾಗ ಸ್ಟಡ್ಡೇ ಗರಗರ ತಿರುಗಿತು. ಅದರ ತಲೆ ಪೆಟ್ಟಿಗೆಯ ಹಿಂಬದಿಯಲ್ಲಿ ತಗಡಿನ ಮಟ್ಟಕ್ಕೆ ಕೂತಿರುತ್ತದೆ, ಹಿಡಿಯುವುದೆಲ್ಲಿ? ಬಿಗಿಯಲೂ ಆಗದು, ಬಿಚ್ಚಲೂ ಆಗದು. ಕೊನೆಗೆ ಗ್ರೈಂಡರ್‌ನಲ್ಲಿ ಕೊಯ್ದೆವು. ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ಚು, ಆ ಹೊಸ ಕಾಂಟ್ಯಾಕ್ಟರ್ ಮೇಲೆಲ್ಲ ಕಬ್ಬಿಣದ ಪುಡಿ.

ಪೆಟ್ಟಿಗೆ ಇಳಿಸಿ ತಿರುಗಿಸಿ ನೋಡಿದರೆ ತಲೆಗಳ ಸುತ್ತ ಸುತ್ತಿಗೆಯ ಅರ್ಧಚಂದ್ರ ಗುರುತು. ಈ ಸ್ಟಡ್‌ನ್ನು ಪ್ರೆಸ್‌ನಲ್ಲಿ ನೇರವಾಗಿ, ಒಂದೇ ಸಮ ಒತ್ತಬೇಕು. ಆಗ ತಗಡಿನ ಲೋಹ ಒತ್ತಡಕ್ಕೆ ಮೆಲ್ಲನೆ ಜರುಗಿ, ತಲೆಯ ಕೆಳಗಿನ ಹಲ್ಲುಗಳನ್ನು ಕಚ್ಚಿ ಹಿಡಿಯುತ್ತದೆ. ಸುತ್ತಿಗೆಯ ಏಟಿಗೆ ಲೋಹ ಹಾಗೆ ಜರುಗಲು ಪುರುಸೊತ್ತೇ ಸಿಗುವುದಿಲ್ಲ. ಸಾಲದ್ದಕ್ಕೆ ತೂತಿನ ಬಾಯಿಯನ್ನು ದೊಡ್ಡ ಡ್ರಿಲ್‌ನಿಂದ ಕೆರೆದು ನಯ ಮಾಡಿದ್ದರು. ಕಚ್ಚಬೇಕಾದ ಲೋಹ ಅಲ್ಲಿಯೇ ಹೋಯಿತು. ಎಂ5ಗೆ ತೂತು 5.0 ಮಿ.ಮೀ. ಇರಬೇಕು, ಹೆಚ್ಚೆಂದರೆ 0.08 ಮಿ.ಮೀ. ಜಾಸ್ತಿ.

ಇದೆಲ್ಲ ಸರಿ ಇದ್ದರೂ ಈ ಸ್ಟಡ್ ನಿಲ್ಲುತ್ತಿರಲಿಲ್ಲ ಮಾರಾಯ್ರೆ. ಅವರು ಹಾಕಿದ್ದು ಝಿಂಕ್ ಲೇಪದ ಮಾಮೂಲಿ ಉಕ್ಕಿನದ್ದು. ಅದಕ್ಕೆ ತಗಡಿನ ಗಡಸುತನ ರಾಕ್‌ವೆಲ್ ಬಿ ಅಳತೆಯಲ್ಲಿ 80ರ ಒಳಗಿರಬೇಕು. 304 ತಗಡು 92ರವರೆಗೂ ಇರಬಹುದು. ತಗಡಿಗಿಂತ ಸ್ಟಡ್ ಸಾಕಷ್ಟು ಗಡುಸಾಗಿರಬೇಕು. ಸ್ಟೇನ್‌ಲೆಸ್ ತಗಡಿಗೆಂದೇ ಗಡಸು ಮಾಡಿದ ಸ್ಟೇನ್‌ಲೆಸ್ ಸ್ಟಡ್ ಬೇರೆ ಬರುತ್ತದೆ, ರೇಟೂ ಬೇರೆ. ಬಿಲ್ಲಿನಲ್ಲಿ ಮಾತ್ರ ಬರೀ 'ಎಸ್‌ಎಸ್ ಸ್ಟಡ್' (ಸ್ಟೇನ್‌ಲೆಸ್ ಸ್ಟಡ್) ಎಂದಿತ್ತು. ಆಯಸ್ಕಾಂತ ಹಿಡಿದು ಪರೀಕ್ಷಿಸಿ ಪ್ರಯೋಜನವಿಲ್ಲ, ಆ ಗಡಸು ಜಾತಿಯೂ ಅಂಟುತ್ತದೆ. ಪೊಟ್ಟಣದ ಮೇಲಿನ ನಂಬರ್ ಕೇಳಿ ಪಡೆಯಿರಿ.

ಮಾಲು ಎತ್ತುವ ಮೊದಲು ಅದೇ ತಗಡಿನ ತುಂಡಿಗೆ, ನಿಮ್ಮ ಕಣ್ಣೆದುರೇ, ಒಂದು ಸ್ಟಡ್ ಒತ್ತಿಸಿ. ವಾಷರ್ ಇಟ್ಟು, ಪ್ಯಾನೆಲ್‌ಗೆ ಹಾಕುವಷ್ಟೇ ಬಿಗಿ ಕೊಡಿ. ಶಾಪಿನಲ್ಲಿ ಪ್ರೆಸ್ಸೇ ಕಾಣದಿದ್ದರೆ ಅಡ್ವಾನ್ಸ್ ಕೊಡಬೇಡಿ. ನಾನು ಕೇಳಲು ಹೋದಾಗ ಅವರೆಂದದ್ದು, "ವೆಲ್ಡ್ ಮಾಡಿ ಕೊಡುತ್ತೇವೆ, ಎಕ್ಸ್‌ಟ್ರಾ ಆಗುತ್ತದೆ."